ರಾತ್ರಿ ಒಂದೂವರೆಗೆ ಶುರುವಾಗುವ ಕುಣಿತ: ಫ್ರಾನ್ಸ್‌ಗೆ ಹೋಗುವವರಿಗೊಂದು ಮಾರ್ಗದರ್ಶಿ

ಪ್ಯಾರಿಸ್‌ಗೆ ಹೊರಟ ಗೆಳತಿಯರು, ತಮ್ಮನ ಸ್ನೇಹಿತರು, ಕಂಪನಿ ಕೆಲಸಕ್ಕೆ ತುಲೂಸ್‌ಗೆ ಬರುವ ಬೆಂಗಳೂರಿನ ಎಂಜಿನಿಯರ್‌ಗಳು, ಎಲ್ಲರೂ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. "ಅಕ್ಕಾ, ಅಲ್ಲಿ ಒಳ್ಳೆ ಕ್ಲಬ್ ಯಾವುದು?" ನಾನು ತಿರುಗಿ ಕೇಳುವುದೂ ಒಂದೇ. "ರೂಮು ಎಲ್ಲಿ ಮಾಡಿದ್ದೀರಿ? ಬೆಳಗಿನ ಜಾವ ಅಲ್ಲಿಗೆ ಹೇಗೆ ವಾಪಸ್ ಹೋಗುತ್ತೀರಿ?"

ತಮಾಷೆಗೆ ಕೇಳುವುದಲ್ಲ. ಎರಡು ವರ್ಷ ತುಲೂಸ್‌ನಲ್ಲಿ ಓದಿ, ಆಮೇಲೆ ಲಿಯಾನ್‌ನಲ್ಲಿ ಕೆಲಸ ಮಾಡಿದ ನನಗೆ ಗೊತ್ತಾಗಿದ್ದು ಇಷ್ಟು: ಫ್ರಾನ್ಸ್‌ನಲ್ಲಿ ಕುಣಿಯುವ ರಾತ್ರಿಯನ್ನು ಹಿಂದಿನಿಂದ ಮುಂದಕ್ಕೆ ಯೋಚಿಸಬೇಕು. ಮೊದಲು ವಾಪಸ್ ದಾರಿ, ಆಮೇಲೆ ಹೊತ್ತು, ಆಮೇಲೆ ಜಾಗ. ಟಿಕೆಟ್, ಬಟ್ಟೆ ಎಲ್ಲ ಕೊನೆಗೆ. ಗಣೇಶನ ಮೆರವಣಿಗೆಯಲ್ಲಿ ಡೊಳ್ಳಿನ ಮುಂದೆ ಕುಣಿದು ಬೆಳೆದವಳು ನಾನು. ಕುಣಿತ ಅಂದರೆ ನನಗೆ ಪ್ರಾಣ. ಅದಕ್ಕೇ ಆ ರಾತ್ರಿ ಸುಮ್ನೆ ಹಾಳಾಗಬಾರದು ಎಂದು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ವಾಪಸ್ ದಾರಿ

ಪ್ಯಾರಿಸ್ ಮೆಟ್ರೊ ರಾತ್ರಿಯಿಡೀ ಓಡುವುದಿಲ್ಲ. ಭಾನುವಾರದಿಂದ ಗುರುವಾರದವರೆಗೆ ರಾತ್ರಿ ಸುಮಾರು 1:15ಕ್ಕೆ ನಿಲ್ಲುತ್ತದೆ. ಶುಕ್ರವಾರ, ಶನಿವಾರ ಮತ್ತು ಹಬ್ಬದ ಹಿಂದಿನ ರಾತ್ರಿ ಸುಮಾರು 2:15ರವರೆಗೆ ಇರುತ್ತದೆ. ಇದು ಕೊನೆಯ ರೈಲು ತನ್ನ ಕೊನೆಯ ನಿಲ್ದಾಣ ಮುಟ್ಟುವ ಹೊತ್ತು. ನೀವು ಹತ್ತುವ ಜಾಗದಲ್ಲಿ ಅದು ಅರ್ಧ ಗಂಟೆ ಮೊದಲೇ ಹೋಗಿರಬಹುದು. ನಡುವೆ ಲೈನ್ ಬದಲಿಸಬೇಕಿದ್ದರೆ ಇನ್ನೂ ಮುಂಚೆ ಹೊರಡಿ. ಬೆಳಗ್ಗೆ ಮತ್ತೆ ಶುರುವಾಗುವುದು ಸುಮಾರು 5:30ಕ್ಕೆ.

ಅಂದರೆ ನಿಮಗೆ ನೇರವಾದ ದಾರಿ ಎರಡು. ಕೊನೆಯ ಮೆಟ್ರೊ ಹಿಡಿಯಿರಿ, ಇಲ್ಲವೇ ಮೊದಲ ಮೆಟ್ರೊವರೆಗೆ ಕುಣಿಯಿರಿ. ಅಲ್ಲಿನವರು ಹೆಚ್ಚಾಗಿ ಮಾಡುವುದು ಎರಡನೆಯದನ್ನು. ಬೆಳಗ್ಗೆ ಐದೂವರೆಗೆ ಮೆಟ್ರೊದಲ್ಲಿ ಒಂದು ಕಡೆ ಕೆಲಸಕ್ಕೆ ಹೊರಟವರು, ಇನ್ನೊಂದು ಕಡೆ ಕುಣಿದು ಸುಸ್ತಾದವರು ಕೂತಿರುತ್ತಾರೆ. ಆ ರೈಲಿನಲ್ಲಿ ಒಂದು ಸಲವಾದರೂ ಕೂರಬೇಕು.

ನಡುವಿನ ಹೊತ್ತಿಗೆ ನಾಕ್ತಿಲಿಯಾನ್ ಎಂಬ ರಾತ್ರಿ ಬಸ್ಸುಗಳಿವೆ. ಸುಮಾರು 12:30ರಿಂದ 5:30ರವರೆಗೆ ಓಡುತ್ತವೆ. ಶಾತ್ಲೇ, ಗಾರ್ ದ ಲಿಯೊಂ, ಮೊಂಪರ್ನಾಸ್, ಸಾಂ ಲಝಾರ್, ಗಾರ್ ದ ಲೆಸ್ತ್ ಇವು ಮುಖ್ಯ ನಿಲ್ದಾಣಗಳು. ಎನ್01 ಮತ್ತು ಎನ್02 ಎಂಬ ಬಸ್ಸುಗಳು ದೊಡ್ಡ ನಿಲ್ದಾಣಗಳನ್ನು ಸುತ್ತು ಹಾಕುತ್ತವೆ. ಬಸ್ಸು ಅಗ್ಗ, ಆದರೆ ವಾರಾಂತ್ಯದಲ್ಲಿ ತುಂಬಾ ರಶ್. ಫೋನು ಒಳಜೇಬಿನಲ್ಲಿರಲಿ.

ಟ್ಯಾಕ್ಸಿಯಾದರೆ ಮೇಲಿನ ದೀಪ ನೋಡಿ. ಹಸಿರಿದ್ದರೆ ಖಾಲಿ, ಕೆಂಪಿದ್ದರೆ ಜನ ಇದ್ದಾರೆ. ನಿಲ್ದಾಣದ ಹೊರಗೆ "ಟ್ಯಾಕ್ಸಿ, ಟ್ಯಾಕ್ಸಿ" ಎಂದು ನಿಮ್ಮ ಹತ್ತಿರ ಬಂದು ಪಿಸುಗುಟ್ಟುವವರ ಕಾರು ಹತ್ತಬೇಡಿ. ಊಬರ್, ಬೋಲ್ಟ್ ಎರಡೂ ಇವೆ. ಕ್ಲಬ್ ಮುಚ್ಚುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಬುಕ್ ಮಾಡುವುದರಿಂದ ದರ ಏರುತ್ತದೆ. ಅರ್ಧ ಗಂಟೆ ಮೊದಲು ಹೊರಟರೆ ವ್ಯತ್ಯಾಸ ಗೊತ್ತಾಗುತ್ತದೆ.

ಬೇರೆ ಊರುಗಳಲ್ಲಿ ಹೊತ್ತು ಬೇರೆ. ತುಲೂಸ್ ಮೆಟ್ರೊ ವಾರದ ದಿನಗಳಲ್ಲಿ ಮಧ್ಯರಾತ್ರಿಗೆ ಮುಗಿಯುತ್ತದೆ. ಶುಕ್ರವಾರ, ಶನಿವಾರ ಮಾತ್ರ ಬೆಳಗಿನ ಜಾವ 3ರವರೆಗೆ ಇರುತ್ತದೆ. ಹೋಗುವ ಮೊದಲು ಆ ಊರಿನ ಸಾರಿಗೆಯ ಆ್ಯಪ್ ಹಾಕಿಕೊಂಡು, ಆ ದಿನದ ಕೊನೆಯ ಹೊತ್ತು ನೋಡಿ. ನೋಡಿದ್ದನ್ನು ಕಾಗದದಲ್ಲಿ ಬರೆದಿಡಿ.

ಕಾಗದ ಯಾಕೆ ಅಂತೀರಾ? ಲಿಯಾನ್‌ನಲ್ಲಿ ನನ್ನ ಮೊದಲ ಚಳಿಗಾಲ. ಫೆಬ್ರವರಿ ರಾತ್ರಿ ಮೂರು ಗಂಟೆಗೆ ಹೊರಗೆ ಬಂದೆ. ಫೋನು ಸತ್ತಿತ್ತು. ಗೆಳತಿಯರು ಮೊದಲೇ ಹೋಗಿದ್ದರು. ರೋನ್ ನದಿಯ ದಂಡೆ ಹಿಡಿದು ಒಂದೂವರೆ ಗಂಟೆ ನಡೆದೆ. ನದಿ ಒಂದಿತ್ತಲ್ಲ, ಅದರಿಂದ ದಿಕ್ಕು ತಪ್ಪಲಿಲ್ಲ. ಆವತ್ತಿನಿಂದ ಪವರ್ ಬ್ಯಾಂಕ್ ಮತ್ತು ಮನೆ ವಿಳಾಸದ ಚೀಟಿ ನನ್ನ ಚೀಲದಿಂದ ಹೊರಗೆ ಹೋಗಿಲ್ಲ.

ಅಲ್ಲಿನ ರಾತ್ರಿಯ ಗಡಿಯಾರ

ಬೆಂಗಳೂರಲ್ಲಿ ರಾತ್ರಿ 1ಕ್ಕೆ ಪಬ್ಬಿನಲ್ಲಿ ಲೈಟ್ ಹಾಕಿಬಿಡುತ್ತಾರೆ. ಅದೇ ಅಭ್ಯಾಸದಲ್ಲಿ ನಮ್ಮವರು ಪ್ಯಾರಿಸ್‌ನಲ್ಲೂ ಒಂಬತ್ತೂವರೆಗೆ ಕ್ಲಬ್ ಹುಡುಕಿಕೊಂಡು ಹೋಗುತ್ತಾರೆ. ಬಾಗಿಲೇ ತೆಗೆದಿರುವುದಿಲ್ಲ. ಹೆಚ್ಚಿನ ಕ್ಲಬ್‌ಗಳು ತೆರೆಯುವುದು ರಾತ್ರಿ 11:30 ಅಥವಾ 12ಕ್ಕೆ. ನಿಜವಾಗಿ ತುಂಬುವುದು ಒಂದೂವರೆ, ಎರಡಕ್ಕೆ.

ಅದಕ್ಕೆ ಮೊದಲು ಆ ಜನ ಏನು ಮಾಡುತ್ತಾರೆ? ಏಳು ಗಂಟೆಗೆ ಅಪೆರೋ. ಅಂದರೆ ಯಾರದೋ ಮನೆಯಲ್ಲೋ ಬಾರಿನಲ್ಲೋ ಕೂತು ಒಂದು ಗ್ಲಾಸು, ಒಂದಿಷ್ಟು ಕುರುಕಲು, ಜಾಸ್ತಿ ಮಾತು. ಎಂಟೂವರೆಗೆ ಊಟ. ಆಮೇಲೆ ಬಾರು. ಬಾರುಗಳು ಸಾಮಾನ್ಯವಾಗಿ 2 ಗಂಟೆಗೆ ಮುಚ್ಚುತ್ತವೆ. ಬಾರು ಮುಚ್ಚಿದ ಮೇಲೆ ಆ ಗುಂಪೆಲ್ಲ ಕ್ಲಬ್ಬಿಗೆ ಹರಿದು ಬರುತ್ತದೆ. ಹಾಗಾಗಿ ಎರಡು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ಅತಿ ಉದ್ದದ ಸಾಲು. ನೀವು ಒಂದಕ್ಕೆ ಮೊದಲೇ ಹೋಗಿಬಿಡಿ. ಕೆಲವು ಕಡೆ ಮಧ್ಯರಾತ್ರಿಗೆ ಮೊದಲು ಹೋದರೆ ಟಿಕೆಟ್ ಕಡಿಮೆ, ಇಲ್ಲವೇ ಪುಕ್ಕಟೆ.

ಮುಚ್ಚುವ ಹೊತ್ತಿಗೂ ಕಾನೂನಿದೆ. 2009ರ ಡಿಸೆಂಬರ್‌ನ ಒಂದು ಆದೇಶದ ಪ್ರಕಾರ ಕುಣಿತವೇ ಮುಖ್ಯವಾದ ಜಾಗಗಳು ಬೆಳಗ್ಗೆ 7ರವರೆಗೆ ತೆರೆದಿರಬಹುದು. ಮುಚ್ಚುವುದಕ್ಕೆ ಒಂದೂವರೆ ಗಂಟೆ ಮೊದಲೇ ಮದ್ಯ ಮಾರುವುದನ್ನು ನಿಲ್ಲಿಸಬೇಕು. ಎಲ್ಲರೂ ಏಳರವರೆಗೆ ಇಡುವುದಿಲ್ಲ. ಐದು, ಆರಕ್ಕೆ ಮುಗಿಸುವವರೇ ಹೆಚ್ಚು.

ಇನ್ನು ವಾರ. ಶುಕ್ರವಾರ, ಶನಿವಾರ ಎಲ್ಲ ಕಡೆ ಸರಿ. ಆದರೆ ವಿದ್ಯಾರ್ಥಿಗಳ ಊರುಗಳಾದ ಲಿಲ್, ತುಲೂಸ್, ಮೊಂಪೆಲಿಯೇಗಳಲ್ಲಿ ಗುರುವಾರವೇ ಜೋರು. ಅಲ್ಲಿನ ಹುಡುಗರು ವಾರಾಂತ್ಯಕ್ಕೆ ರೈಲು ಹತ್ತಿ ಅಪ್ಪ ಅಮ್ಮನ ಮನೆಗೆ ಹೋಗುತ್ತಾರೆ, ಅದಕ್ಕೇ ಗುರುವಾರ ರಾತ್ರಿ ಅವರದು. ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಜನ ರಜೆಗೆ ಊರು ಬಿಡುತ್ತಾರೆ. ಆಗ ಕೆಲವು ಕ್ಲಬ್‌ಗಳು ಮುಚ್ಚಿರುತ್ತವೆ, ಕುಣಿತ ನದಿ ದಂಡೆಗೆ, ಬಯಲಿಗೆ ಬರುತ್ತದೆ.

ಅಕ್ಟೋಬರ್‌ನ ಕೊನೆಯ ಭಾನುವಾರಕ್ಕೆ ಹಿಂದಿನ ಶನಿವಾರ ರಾತ್ರಿ ಅಲ್ಲಿದ್ದರೆ ನೆನಪಿಡಿ. 3 ಗಂಟೆ ಆದಾಗ ಗಡಿಯಾರವನ್ನು 2ಕ್ಕೆ ಹಿಂದೆ ತಿರುಗಿಸುತ್ತಾರೆ. ಒಂದು ಗಂಟೆ ಕುಣಿತ ಹೆಚ್ಚಿಗೆ ಸಿಕ್ಕಿತು! ಮಾರ್ಚ್ ಕೊನೆಯಲ್ಲಿ ಅದನ್ನೇ ಕಿತ್ತುಕೊಳ್ಳುತ್ತಾರೆ. ಮರುದಿನ ಬೆಳಗ್ಗೆ ರೈಲಿದ್ದರೆ ಜೋಪಾನ.

ಯಾವ ಥರದ ಜಾಗ ಬೇಕು?

ಫ್ರೆಂಚರು ನೈಟ್‌ಕ್ಲಬ್ಬಿಗೆ ಬ್ವಾತ್ ದ ನ್ವಿ ಅನ್ನುತ್ತಾರೆ. ರಾತ್ರಿಯ ಡಬ್ಬಿ ಎಂದು ಅರ್ಥ. ಆಡುಮಾತಿನಲ್ಲಿ ಬರೀ ಬ್ವಾತ್. ಇನ್ನು ಡಿಸ್ಕೊ ಎಂದು ನಾವು ಮೊಟಕು ಮಾಡಿದ ದಿಸ್ಕೊತೆಕ್ ಪದವೂ ಅವರದೇ. ಬಿಬ್ಲಿಯೊತೆಕ್ ಅಂದರೆ ಪುಸ್ತಕಗಳ ಮನೆ, ದಿಸ್ಕೊತೆಕ್ ಅಂದರೆ ಗ್ರಾಮಫೋನ್ ತಟ್ಟೆಗಳ ಮನೆ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಪ್ಯಾರಿಸ್ ಹಿಡಿದಿದ್ದಾಗ ಸಾರ್ವಜನಿಕ ಕುಣಿತಕ್ಕೆ ನಿಷೇಧವಿತ್ತು. ಜನ ಕದ್ದುಮುಚ್ಚಿ ಕುಣಿದರು. ಯುದ್ಧ ಮುಗಿದ ಮೇಲೆ, 1947ರಲ್ಲಿ, ವಿಸ್ಕಿ ಅ ಗೊಗೊ ಎಂಬ ಜಾಗ ತೆರೆಯಿತು. ಅದೇ ಹೆಸರನ್ನು ಆಮೇಲೆ ಲಾಸ್ ಏಂಜಲಿಸ್‌ನವರೂ ಇಟ್ಟುಕೊಂಡರು. ವಾದ್ಯದವರಿಲ್ಲದೆ ಬರೀ ರೆಕಾರ್ಡ್ ಹಾಕಿ ರಾತ್ರಿಯಿಡೀ ಕುಣಿಸುವ ರೂಢಿ ಬೆಳೆದದ್ದು ಇಂಥ ನೆಲಮಾಳಿಗೆಗಳಲ್ಲಿ.

ಇವತ್ತು ಬ್ವಾತ್ ಎಂದರೆ ಹೆಚ್ಚಾಗಿ ಹಿಟ್ ಹಾಡು, ಇಡೀ ಬಾಟಲಿ ಕೊಂಡು ಕೂರುವ ಟೇಬಲ್ಲು, ಇಸ್ತ್ರಿ ಅಂಗಿ. ಕ್ಲಬ್ ಎಂದರೆ ಟೆಕ್ನೊ, ಹೌಸ್ ಎಂಬ ಎಲೆಕ್ಟ್ರಾನಿಕ್ ಸಂಗೀತಕ್ಕೆ ಹೆಸರಾದದ್ದು, ಯಾವ ಡಿಜೆ ಎಂಬುದೇ ಮುಖ್ಯ. ಪೆನಿಶ್ ಎಂದರೆ ನದಿಯಲ್ಲಿ ಕಟ್ಟಿ ನಿಲ್ಲಿಸಿದ ಹಳೆ ಸರಕುದೋಣಿ. ಕೆಳಗೆ ಕುಣಿತ, ಮೇಲೆ ಗಾಳಿ. ಗ್ಯಾಂಗೆತ್ ಎಂದರೆ ನದಿ ದಂಡೆಯ ಬಯಲು ಹೋಟೆಲು, ಅಕಾರ್ಡಿಯನ್ ಜೊತೆ ಅಜ್ಜ ಅಜ್ಜಿಯರೂ ಕುಣಿಯುತ್ತಾರೆ. ನೀವು ಹೋಗಿ ನಿಲ್ಲುವ ಮೊದಲು ನಿಮಗೆ ಇವುಗಳಲ್ಲಿ ಯಾವುದು ಬೇಕೆಂದು ಗೊತ್ತಿರಲಿ. ಬಾಲಿವುಡ್ ಹಾಡಿಗೆ ಕುಣಿಯುವ ಆಸೆ ಇಟ್ಟುಕೊಂಡು ಟೆಕ್ನೊ ಕ್ಲಬ್ಬಿಗೆ ಹೋದರೆ ಹತ್ತು ನಿಮಿಷಕ್ಕೆ ಬೇಜಾರಾಗುತ್ತದೆ. ಅದು ಕ್ಲಬ್ಬಿನ ತಪ್ಪಲ್ಲ.

ಊರಿಂದ ಊರಿಗೆ

ಪ್ಯಾರಿಸ್‌ನಲ್ಲಿ ನಾನು ಮೊದಲು ಹೇಳುವುದು ರೆಕ್ಸ್ ಕ್ಲಬ್. 1932ರ ಗ್ರಾಂ ರೆಕ್ಸ್ ಚಿತ್ರಮಂದಿರದ ಕೆಳಗಿದೆ. ಮೆಟ್ರೊ ನಿಲ್ದಾಣ ಬೊನ್ ನುವೆಲ್. 1990ರ ದಶಕದಲ್ಲಿ ಡಿಜೆ ಲೊರಾಂ ಗಾರ್ನಿಯೇ ಇಲ್ಲಿ ನುಡಿಸಿ ನುಡಿಸಿ ಫ್ರಾನ್ಸ್‌ಗೆ ಟೆಕ್ನೊ ರುಚಿ ಹತ್ತಿಸಿದರು. ಅಲಂಕಾರ ಏನಿಲ್ಲ, ಶಬ್ದ ಮಾತ್ರ ಎದೆಗೇ ಬಡಿಯುತ್ತದೆ. ಡೊಳ್ಳು ಕೇಳಿ ಬೆಳೆದವರಿಗೆ ಆ ಹೊಡೆತ ಹೊಸದಲ್ಲ.

ಮುಲಾಂ ರೂಜ್‌ನ ಕೆಂಪು ಗಾಳಿಗಿರಣಿಯ ಪಕ್ಕದಲ್ಲೇ ಲ ಮಶೀನ್ ಇದೆ, ಬ್ಲಾಂಶ್ ನಿಲ್ದಾಣ. ಮೊದಲ ಸಲ ಹೋಗುವವರಿಗೆ ದಾರಿ ತಪ್ಪುವ ಭಯವಿಲ್ಲ. ಬೆಲ್‌ವಿಲ್ ಕಡೆ ಲ ಜಾವಾ ಇದೆ, ಎದಿತ್ ಪಿಯಾಫ್ ಹಾಡಿದ ಹಳೆಯ ಸಭಾಂಗಣ. ರಾಷ್ಟ್ರೀಯ ಗ್ರಂಥಾಲಯದ ಎದುರು ಸೇನ್ ನದಿಯ ಮೇಲೆ ಪೆತಿ ಬ್ಯಾಂ ಎಂಬ ತೇಲುವ ಜಾಗ.

ಟೆಕ್ನೊ ಬೇಡ, ಕೈ ಕೈ ಹಿಡಿದು ಕುಣಿಯಬೇಕು ಅಂದರೆ ಸಾಂ ಮಿಶೆಲ್ ಹತ್ತಿರದ ಕಾವೊ ದ ಲ ಯುಶೆತ್‌ಗೆ ಹೋಗಿ. 1940ರ ದಶಕದಿಂದ ಜಾಝ್ ನಡೆಯುತ್ತಿರುವ ಕಲ್ಲಿನ ನೆಲಮಾಳಿಗೆ. ಎದುರಿಗೇ ವಾದ್ಯದವರು ನುಡಿಸುತ್ತಾರೆ, ಜನ ಸ್ವಿಂಗ್ ಕುಣಿಯುತ್ತಾರೆ. ಇಪ್ಪತ್ತರ ಹುಡುಗಿಯ ಜೊತೆ ಎಪ್ಪತ್ತರ ತಾತ ಕುಣಿಯುವುದನ್ನು ನಾನು ಮೆಟ್ಟಿಲ ಮೇಲೆ ಕೂತು ನೋಡಿದ್ದೇನೆ. ಇಲ್ಲಿ ಬೇಗ ಹೋಗಬಹುದು, ಕೊನೆಯ ಮೆಟ್ರೊ ಹಿಡಿಯಬಹುದು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋದವರಿಗೂ ಇದೇ ಸರಿ. ಶಾಂಝೆಲಿಝೇ ರಸ್ತೆಯ ಸುತ್ತಲಿನ ದುಬಾರಿ ಜಾಗಗಳ ಬಗ್ಗೆ ಎಲ್ಲರೂ ಕೇಳುತ್ತಾರೆ. ನನಗೆ ಕೇಳಿದರೆ ಬೇಡ. ಅಲ್ಲಿ ಖರ್ಚು ಜಾಸ್ತಿ, ಕುಣಿಯಲು ಜಾಗ ಕಡಿಮೆ.

ಲಿಯಾನ್‌ಗೆ ಹೋದರೆ ಲ ಸ್ಯೂಕ್ರ್ ಬಿಡಬೇಡಿ. ಸ್ಯೂಕ್ರ್ ಅಂದರೆ ಸಕ್ಕರೆ. ಕೊನ್‌ಫ್ಲುಯಾನ್ಸ್ ಬಡಾವಣೆಯಲ್ಲಿ ಸೋನ್ ನದಿ ಪಕ್ಕದ ಹಳೆಯ ಸಕ್ಕರೆ ಗೋದಾಮಿನ ತಾರಸಿಯ ಮೇಲಿದೆ. ಟಿ1 ಟ್ರಾಮ್‌ನಲ್ಲಿ ಹೋಗಬಹುದು. ಬೆಳಗಾಗುವ ಹೊತ್ತಿಗೆ ಅಲ್ಲಿಂದ ನದಿ ನೋಡಬೇಕು. ಮೇ ತಿಂಗಳಲ್ಲಿ ಹೋಗುವವರು ನ್ವಿ ಸೊನೋರ್ ಹಬ್ಬದ ದಿನಾಂಕ ನೋಡಿ. 2003ರಿಂದ ನಡೆಯುತ್ತಿರುವ ಎಲೆಕ್ಟ್ರಾನಿಕ್ ಸಂಗೀತದ ಹಬ್ಬ ಅದು. ಆ ದಿನಗಳಲ್ಲಿ ರೂಮು ಸಿಗುವುದು ಕಷ್ಟ, ಮೊದಲೇ ಮಾಡಿಟ್ಟುಕೊಳ್ಳಿ.

ಮಾರ್ಸೇಯಲ್ಲಿ ಸಾಂ ಶಾರ್ಲ್ ರೈಲು ನಿಲ್ದಾಣದ ಹಿಂಬದಿಗೆ ಹಳೆಯ ತಂಬಾಕು ಕಾರ್ಖಾನೆ ಇದೆ. ಈಗ ಅದು ಫ್ರಿಶ್ ಲ ಬೆಲ್ ದ ಮೇ ಎಂಬ ಕಲೆಯ ಅಂಗಳ. ಅದರೊಳಗಿನ ಕಾಬರೇ ಅಲೆಯಾತ್ವಾರ್‌ನಲ್ಲಿ ಕುಣಿತ. ಬೇಸಿಗೆಯಲ್ಲಿ ಆ ಕಟ್ಟಡದ ವಿಶಾಲ ತಾರಸಿಯ ಮೇಲೂ ಸಂಗೀತ ಇರುತ್ತದೆ, ಸೂರ್ಯ ಮುಳುಗುವ ಮೊದಲೇ ಹೋಗಿ.

ತುಲೂಸ್‌ನ ಲ ಬಿಕಿನಿ ನನ್ನ ಮನಸ್ಸಿಗೆ ಹತ್ತಿರ. 1983ರಲ್ಲಿ ಶುರುವಾದ ಜಾಗ. 2001ರ ಸೆಪ್ಟೆಂಬರ್ 21ರಂದು ಪಕ್ಕದ ಎಝೆಡ್‌ಎಫ್ ರಸಗೊಬ್ಬರ ಕಾರ್ಖಾನೆ ಸ್ಫೋಟವಾದಾಗ ಇದೂ ನೆಲಕಚ್ಚಿತು. ಅವರು ಕೈಬಿಡಲಿಲ್ಲ. 2007ರಲ್ಲಿ ರಮೊನ್‌ವಿಲ್‌ನಲ್ಲಿ ಹೊಸದಾಗಿ ಕಟ್ಟಿದರು. ಅಲ್ಲಿ ಈಜುಕೊಳವೂ ಇದೆ! ಹೆಚ್ಚಾಗಿ ಸಂಗೀತ ಕಚೇರಿಗಳು, ಕೆಲವು ರಾತ್ರಿ ಕುಣಿತ. ಮೆಟ್ರೊ ಬಿ ಲೈನಿನ ಕೊನೆಯ ನಿಲ್ದಾಣದಿಂದ ಸ್ವಲ್ಪ ದೂರ ಹೋಗಬೇಕು. ಅಷ್ಟು ದೂರ ಬೇಡವೆಂದರೆ ಗರೋನ್ ನದಿ ದಂಡೆಯ ಪ್ಲಾಸ್ ಸಾಂ ಪಿಯೇರ್ ಚೌಕದ ಸುತ್ತ ವಿದ್ಯಾರ್ಥಿಗಳ ಬಾರುಗಳಿವೆ.

ಬೋರ್ಡೊದಲ್ಲಿ ಐಬೋಟ್ ಎಂಬುದೊಂದು ಹಳೆಯ ಫೆರಿ ಹಡಗು. 2011ರಿಂದ ಕ್ಲಬ್, ಹೋಟೆಲು, ಸಂಗೀತ ಕಚೇರಿ ಎಲ್ಲ ಅದರಲ್ಲೇ. ನಾಂತ್‌ನ ನದಿ ನಡುಗಡ್ಡೆಯಲ್ಲಿ ಹಿಂದೆ ಬಾಳೆಹಣ್ಣು ಇಡುತ್ತಿದ್ದ ಉದ್ದನೆಯ ಗೋದಾಮಿದೆ, ಈಗ ಅದರ ತುಂಬಾ ಬಾರುಗಳು, ತುದಿಯಲ್ಲಿ ವೇರ್‌ಹೌಸ್ ಕ್ಲಬ್. ಮೊಂಪೆಲಿಯೇಯ ರಾಕ್‌ಸ್ಟೋರ್ ಹುಡುಕಲು ವಿಳಾಸವೇ ಬೇಡ. ಗೋಡೆಯಿಂದ ಒಂದು ಅಮೆರಿಕನ್ ಕಾರಿನ ಹಿಂಭಾಗ ಹೊರಗೆ ಚಾಚಿಕೊಂಡಿದೆ.

ಟಿಕೆಟ್ ಮತ್ತು ಬಾಗಿಲು

ಟಿಕೆಟ್ಟನ್ನು ಮೊದಲೇ ಫೋನಿನಲ್ಲಿ ತೆಗೆದುಕೊಳ್ಳಿ. ಇದಕ್ಕೆ ಪ್ರೆವಾಂತ್ ಅನ್ನುತ್ತಾರೆ. ಶಾಟ್‌ಗನ್, ಡೈಸ್ ಎಂಬ ಆ್ಯಪ್‌ಗಳು ಅಲ್ಲಿ ತುಂಬಾ ಬಳಕೆಯಲ್ಲಿವೆ. ಬಾಗಿಲಲ್ಲಿ ಕೊಡುವುದಕ್ಕಿಂತ ಅಗ್ಗ. ಜೊತೆಗೆ, ಟಿಕೆಟ್ ಕೈಯಲ್ಲಿದ್ದರೆ ಒಳಗೆ ಬಿಡದಿರುವ ಸಾಧ್ಯತೆಯೂ ಕಡಿಮೆ. ಸಾಮಾನ್ಯ ಕ್ಲಬ್‌ನಲ್ಲಿ ಸುಮಾರು 10ರಿಂದ 25 ಯೂರೊ ಇಟ್ಟುಕೊಳ್ಳಿ. "ಅವೆಕ್ ಕೊನ್ಸೋ" ಎಂದು ಬರೆದಿದ್ದರೆ ಒಂದು ಪಾನೀಯ ಅದರಲ್ಲೇ ಸೇರಿದೆ.

ಗುರುತಿನ ಚೀಟಿ ಬೇಕೇ ಬೇಕು. 18 ತುಂಬಿರಬೇಕು. ಪಾಸ್‌ಪೋರ್ಟ್‌ನ ಫೋಟೊ ತೋರಿಸಿದರೆ ಕೆಲವರು ಒಪ್ಪುತ್ತಾರೆ, ಹಲವರು ಒಪ್ಪುವುದಿಲ್ಲ. ನಾನು ಹೇಳುವುದು: ಬಟ್ಟೆಯೊಳಗೆ ಕಟ್ಟುವ ತೆಳು ಸೊಂಟದ ಚೀಲದಲ್ಲಿ ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ಅಲ್ಲಿ ಓದುವವರಿಗೆ ವಾಸದ ಪರವಾನಗಿ ಕಾರ್ಡು ಸಾಕು. ದೊಡ್ಡ ಬ್ಯಾಗು ಬೇಡ. 2015ರ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ನಡೆದ ಭಯೋತ್ಪಾದಕ ದಾಳಿಯ ನಂತರ ಚೀಲ ತಪಾಸಣೆ ಬಿಗಿಯಾಗಿದೆ, ನೀರಿನ ಬಾಟಲಿಯನ್ನೂ ತೆಗೆಸುತ್ತಾರೆ.

ಬಾಗಿಲಲ್ಲಿ ನಿಂತ ಕಾವಲಿನವರಿಗೆ ವಿದೆರ್ ಎನ್ನುತ್ತಾರೆ. ದೊಡ್ಡ ಕ್ಲಬ್ಬಾದರೆ ಪಕ್ಕದಲ್ಲಿ ಫಿಜಿಯೊ ಎಂಬ ಇನ್ನೊಬ್ಬರು, ಮುಖ ನೋಡಿ ಯಾರನ್ನು ಬಿಡಬೇಕೆಂದು ಹೇಳುವವರು. ಮೊದಲು "ಬೊನ್‌ಸ್ವಾರ್" ಅನ್ನಿ. ಇದು ಸಣ್ಣ ಮಾತಲ್ಲ. ಫ್ರಾನ್ಸ್‌ನಲ್ಲಿ ಶುಭಾಶಯ ಹೇಳದೆ ಮಾತು ಶುರು ಮಾಡಿದರೆ ಅದು ಒರಟುತನ. ಸಾಲಿನಲ್ಲಿ ಜೋರಾಗಿ ಕೂಗಾಡಬೇಡಿ, ಕುಡಿದು ತೂರಾಡಬೇಡಿ. ಕ್ಲಬ್‌ಗಳಿಗೆ ಅಕ್ಕಪಕ್ಕದ ಮನೆಯವರ ದೂರಿನದೇ ದೊಡ್ಡ ಭಯ. ಗಲಾಟೆ ಜಾಸ್ತಿಯಾದರೆ ಆಡಳಿತ ಬೀಗ ಹಾಕಿಸುತ್ತದೆ. ಅದಕ್ಕೇ ಬಾಗಿಲಲ್ಲಿ "ಶ್" ಎನ್ನಲು ಜನ ಇಟ್ಟಿರುತ್ತಾರೆ.

ಏಳೆಂಟು ಗಂಡಸರೇ ಒಟ್ಟಿಗೆ ಹೋಗಬೇಡಿ. ನಮ್ಮಲ್ಲಿ ಸ್ಟ್ಯಾಗ್ ಎಂಟ್ರಿ ತೊಂದರೆ ಇದೆಯಲ್ಲ, ಅಲ್ಲಿ ಬೋರ್ಡು ಹಾಕುವುದಿಲ್ಲ, ಆದರೆ ತಡೆಯುವುದು ಹಾಗೆಯೇ. ಇಬ್ಬಿಬ್ಬರಾಗಿ ಬೇರೆ ಬೇರೆ ನಿಲ್ಲಿ. ಟೆಕ್ನೊ ಜಾಗಗಳಲ್ಲಿ ಸ್ನೀಕರ್ ನಡೆಯುತ್ತದೆ, ಕಪ್ಪು ಬಟ್ಟೆ ಹಾಕಿದರೆ ಯೋಚನೆಯೇ ಇಲ್ಲ. ಬಾಟಲಿ ಟೇಬಲ್ಲಿನ ಜಾಗಗಳಲ್ಲಿ ಒಳ್ಳೆ ಶೂ, ಅಂಗಿ ಬೇಕು. ಚಡ್ಡಿ, ಚಪ್ಪಲಿ, ಫುಟ್‌ಬಾಲ್ ಜೆರ್ಸಿ ಎಲ್ಲೂ ಬೇಡ.

ಇನ್ನೊಂದು ವಿಷಯ ನೇರವಾಗಿ ಹೇಳಬೇಕು. ನನ್ನ ತಮ್ಮ ಅವನ ಇಬ್ಬರು ಗೆಳೆಯರ ಜೊತೆ ಒಂದು ಊರಿನ ಕ್ಲಬ್ ಮುಂದೆ ನಿಂತಿದ್ದ. ಟಿಕೆಟ್ ಇರಲಿಲ್ಲ, ಆದರೆ ಬಟ್ಟೆ ಚೆನ್ನಾಗಿತ್ತು, ಕುಡಿದಿರಲಿಲ್ಲ. "ಸ್ವಾರೆ ಪ್ರಿವೆ" ಅಂದರು, ಖಾಸಗಿ ಪಾರ್ಟಿ ಎಂದು. ಅವರ ಹಿಂದೆ ನಿಂತಿದ್ದ ಬಿಳಿ ಹುಡುಗರು ಟಿಕೆಟ್ ಇಲ್ಲದೆ ಒಳಗೆ ಹೋದರು. ಆ ರಾತ್ರಿ ಅವನು ಫೋನಿನಲ್ಲಿ ಜಾಸ್ತಿ ಮಾತಾಡಲಿಲ್ಲ. ಬಣ್ಣ ನೋಡಿ ಬಾಗಿಲು ಮುಚ್ಚುವುದು ಫ್ರೆಂಚ್ ಕಾನೂನಿನಲ್ಲಿ ಅಪರಾಧ. ಸಾರ್ವಜನಿಕರು ಬರುವ ಜಾಗದಲ್ಲಿ ಹಾಗೆ ಮಾಡಿದರೆ 5 ವರ್ಷ ಜೈಲು, 75,000 ಯೂರೊ ದಂಡದವರೆಗೂ ಶಿಕ್ಷೆ ಇದೆ. ಎಸ್‌ಒಎಸ್ ರಸಿಸ್ಮ್ ಎಂಬ ಸಂಘಟನೆ ಬೇರೆ ಬೇರೆ ಬಣ್ಣದ ಜೋಡಿಗಳನ್ನು ಕ್ಲಬ್ ಬಾಗಿಲಿಗೆ ಕಳಿಸಿ ಪರೀಕ್ಷೆ ಮಾಡುತ್ತದೆ. ಅಂಥ ಪರೀಕ್ಷೆಯನ್ನು ಸಾಕ್ಷಿಯಾಗಿ ನ್ಯಾಯಾಲಯ ಒಪ್ಪುತ್ತದೆ. ನಿಮಗೆ ಹೀಗಾದರೆ ಅಲ್ಲಿ ಜಗಳಕ್ಕೆ ನಿಲ್ಲಬೇಡಿ. ಹೊತ್ತು, ಜಾಗ, ಅವರು ಹೇಳಿದ ಮಾತು ಬರೆದಿಟ್ಟುಕೊಳ್ಳಿ. ತಾರತಮ್ಯದ ದೂರಿಗೆ 39 28 ಎಂಬ ನಂಬರಿದೆ. ಅದಕ್ಕಿಂತ ಮೊದಲು, ಆ ರಾತ್ರಿಯನ್ನು ಅವರಿಗೆ ಬಿಟ್ಟುಕೊಡಬೇಡಿ. ಬೇರೆ ಜಾಗಕ್ಕೆ ಹೋಗಿ ಕುಣಿಯಿರಿ. ನನ್ನ ತಮ್ಮ ಮರುವಾರ ಹಾಗೇ ಮಾಡಿದ.

ಒಳಗೆ ಹೋದ ಮೇಲೆ

ಚಳಿಗಾಲದಲ್ಲಿ ಕೋಟು ಇಡಲು ವೆಸ್ತಿಯೇರ್ ಇರುತ್ತದೆ, ಎರಡು ಮೂರು ಯೂರೊ. ಕೊಟ್ಟ ಚೀಟಿಯ ಫೋಟೊ ತೆಗೆದುಕೊಳ್ಳಿ. ಬೆಳಗ್ಗೆ ಎಲ್ಲರೂ ಒಟ್ಟಿಗೆ ಕೋಟು ಕೇಳುವ ಸಾಲು ಒಳಬರುವ ಸಾಲಿಗಿಂತ ಉದ್ದ. ಬಿಯರ್ ಸುಮಾರು 6ರಿಂದ 9 ಯೂರೊ, ಕಾಕ್‌ಟೇಲ್ 10ರಿಂದ 15. ಕಾರ್ಡು ನಡೆಯುತ್ತದೆ, 50 ಯೂರೊವರೆಗೆ ಮುಟ್ಟಿಸಿದರೆ ಸಾಕು. ಆದರೂ 20 ಯೂರೊ ನೋಟು ಜೇಬಿನಲ್ಲಿರಲಿ.

ನೀರಿಗೆ ದುಡ್ಡು ಕೊಡಬೇಡಿ. "ಅಂ ವೆರ್ ದೋ, ಸಿಲ್ ವು ಪ್ಲೇ" ಅಂದರೆ ಒಂದು ಲೋಟ ನಲ್ಲಿ ನೀರು ಕೊಡುತ್ತಾರೆ. ಕುಡಿಯುವ ನೀರು ಪುಕ್ಕಟೆ ಸಿಗುತ್ತದೆ ಎಂದು ಬೋರ್ಡು ಹಾಕಬೇಕೆಂಬ ನಿಯಮ 2022ರಿಂದ ಇದೆ. ಇನ್ನೊಂದು ಪುಕ್ಕಟೆ ವಸ್ತು ಕಿವಿಗೆ ಹಾಕುವ ಬಿರಡೆ. ಶಬ್ದ 102 ಡೆಸಿಬೆಲ್ ದಾಟಬಾರದು, ಕಿವಿ ಬಿರಡೆ ಕೊಡಬೇಕು, ಕಿವಿಗೆ ವಿಶ್ರಾಂತಿ ಕೊಡುವ ಜಾಗವೂ ಇರಬೇಕು ಎಂದು 2017ರ ಆದೇಶ ಹೇಳುತ್ತದೆ. ಬಾರಿನಲ್ಲಿ ಕೇಳಿ, ನಾಚಿಕೊಳ್ಳಬೇಡಿ. ಮರುದಿನ ಕಿವಿಯಲ್ಲಿ ಗುಂಯ್ ಎನ್ನುವುದು ಒಳ್ಳೆಯದಲ್ಲ.

2008ರಿಂದ ಒಳಗೆ ಸಿಗರೇಟು ಇಲ್ಲ. ಹೊರಗೆ ಹೋಗುವ ಮೊದಲು ಮತ್ತೆ ಬಿಡುತ್ತಾರಾ ಎಂದು ಕೇಳಿ. "ಸೊರ್ತಿ ದೆಫಿನಿತಿವ್" ಎಂದು ಬರೆದಿದ್ದರೆ ಹೊರಗೆ ಹೋದವರಿಗೆ ವಾಪಸ್ ಬರಲು ಇಲ್ಲ. ಕೆಲವು ಕಡೆ ಕೈಗೆ ಠಸ್ಸೆ ಒತ್ತಿ ಬಿಡುತ್ತಾರೆ.

ನಿಮ್ಮ ಗ್ಲಾಸನ್ನು ಮೇಜಿನ ಮೇಲೆ ಬಿಟ್ಟು ಕುಣಿಯಲು ಹೋಗಬೇಡಿ. 2021ರಲ್ಲಿ ಬ್ರಸೆಲ್ಸ್‌ನಿಂದ ಶುರುವಾಗಿ ಫ್ರಾನ್ಸ್‌ಗೂ ಹಬ್ಬಿದ ಚಳವಳಿಯಲ್ಲಿ ನೂರಾರು ಹುಡುಗಿಯರು ತಮ್ಮ ಪಾನೀಯಕ್ಕೆ ಯಾರೋ ಮತ್ತಿನ ಔಷಧ ಬೆರೆಸಿದ್ದನ್ನು ಹೇಳಿಕೊಂಡರು. ಆಮೇಲೆ ಹಲವು ಕ್ಲಬ್‌ಗಳು ಗ್ಲಾಸಿಗೆ ಮುಚ್ಚಳ ಕೊಡಲು ಶುರುಮಾಡಿದವು. ಕೇಳಿ ಪಡೆಯಿರಿ. ಜೊತೆಗೆ ಬಂದವರು ಇದ್ದಕ್ಕಿದ್ದಂತೆ ತೊದಲಿದರೆ, ಕುಸಿದರೆ, "ಕುಡಿದದ್ದು ಜಾಸ್ತಿಯಾಯಿತು" ಎಂದು ಬಿಡಬೇಡಿ, ಸಿಬ್ಬಂದಿಯನ್ನು ಕರೆಯಿರಿ. ಯಾರಾದರೂ ಬೆನ್ನು ಬಿಡದೆ ಕಾಡುತ್ತಿದ್ದರೆ ಬಾರಿನವರ ಹತ್ತಿರ "ಆಂಜೆಲಾ ಇದ್ದಾರಾ?" ಎಂದು ಕೇಳುವ ಏರ್ಪಾಡು ಹಲವು ಊರುಗಳಲ್ಲಿದೆ. ಅದು ಸಹಾಯ ಬೇಕೆಂಬ ಗುಟ್ಟಿನ ಮಾತು. ತುರ್ತಿಗೆ 112. ಆ್ಯಂಬುಲೆನ್ಸ್‌ಗೆ 15, ಪೊಲೀಸರಿಗೆ 17.

ಗಾಂಜಾ ಅಲ್ಲಿ ಕಾನೂನುಬಾಹಿರ. ಸಿಕ್ಕಿಬಿದ್ದರೆ ಸ್ಥಳದಲ್ಲೇ 200 ಯೂರೊ ದಂಡ ಹಾಕುವ ಪದ್ಧತಿ 2020ರಿಂದ ಇದೆ. ಬಾಡಿಗೆ ಕಾರು ತಂದಿದ್ದರೆ ಮಿತಿ ಲೀಟರ್ ರಕ್ತಕ್ಕೆ 0.5 ಗ್ರಾಂ ಮದ್ಯ. ಎರಡು ಗಂಟೆ ದಾಟಿ ತೆರೆದಿರುವ ಜಾಗಗಳಲ್ಲಿ ಊದಿ ನೋಡುವ ಸಾಧನ ಇರಲೇಬೇಕು. ಆದರೂ ನಾನು ಹೇಳುವುದು, ಕುಡಿದರೆ ಕೀಲಿ ಮುಟ್ಟಲೇಬೇಡಿ.

ಪ್ಯಾರಿಸ್‌ನ ಪಿಗಾಲ್ ಬಡಾವಣೆಯ ಬಗ್ಗೆ ಒಂದು ಮಾತು. ಅಲ್ಲಿನ ರಸ್ತೆಯಲ್ಲಿ "ಬನ್ನಿ, ಒಳಗೆ ನೋಡಿ, ದುಡ್ಡೇನೂ ಬೇಡ" ಎಂದು ಕರೆಯುವವರ ಹಿಂದೆ ಹೋಗಬೇಡಿ. ಒಳಗೆ ಯಾರೋ ಹುಡುಗಿ ಪಕ್ಕದಲ್ಲಿ ಕೂರುತ್ತಾಳೆ, ನೀವು ಕೇಳದ ಬಾಟಲಿ ಬರುತ್ತದೆ, ನೂರಾರು ಯೂರೊ ಬಿಲ್ಲು ಬರುತ್ತದೆ. ಒಳ್ಳೆಯ ಕ್ಲಬ್ಬಿನವರು ದಾರಿಯಲ್ಲಿ ಹೋಗುವವರ ಕೈ ಹಿಡಿದು ಎಳೆಯುವುದಿಲ್ಲ.

ಕ್ಲಬ್ಬೇ ಬೇಡದ ಕುಣಿತ

ನನಗೆ ಅತಿ ಇಷ್ಟವಾದದ್ದನ್ನು ಕೊನೆಗೆ ಇಟ್ಟಿದ್ದೇನೆ. ಜುಲೈ 13 ಮತ್ತು 14ರ ರಾತ್ರಿ ಫ್ರಾನ್ಸ್‌ನಲ್ಲಿದ್ದರೆ ಕ್ಲಬ್ ಮರೆತುಬಿಡಿ. ಆ ಎರಡು ರಾತ್ರಿ ಹಲವು ಅಗ್ನಿಶಾಮಕ ಠಾಣೆಗಳು ಬಾಗಿಲು ತೆರೆದು ಜನರನ್ನು ಕುಣಿಯಲು ಕರೆಯುತ್ತವೆ. ಬಾಲ್ ದೆ ಪೊಂಪಿಯೇ ಎಂದು ಹೆಸರು. 1937ರಲ್ಲಿ ಪ್ಯಾರಿಸ್‌ನ ಮೊಂಮಾರ್ತ್ರ್‌ನ ಠಾಣೆಯೊಂದರಲ್ಲಿ ಶುರುವಾಯಿತೆಂದು ಹೇಳುತ್ತಾರೆ. ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ನಾಲ್ಕರವರೆಗೆ, ಬೆಂಕಿ ಲಾರಿಗಳು ನಿಲ್ಲುವ ಅಂಗಳದಲ್ಲಿ ಕುಣಿತ. ಕೆಲವು ಕಡೆ ಸಣ್ಣ ಟಿಕೆಟ್, ಕೆಲವು ಕಡೆ ಬಾಗಿಲಲ್ಲಿ ಇಟ್ಟ ಡಬ್ಬಿಗೆ ಕೈಲಾದಷ್ಟು. ಬಟ್ಟೆ ನೋಡುವ ಫಿಜಿಯೊ ಇಲ್ಲ. ಹೆಂಡತಿ, ಮಕ್ಕಳು, ಅಜ್ಜಿ ಎಲ್ಲ ಬರುತ್ತಾರೆ. ನಮ್ಮ ಊರ ಜಾತ್ರೆಯ ರಾತ್ರಿ ಹೇಗೋ ಹಾಗೆ. ಸಾಲು ಉದ್ದ ಇರುತ್ತದೆ, ಎಂಟೂವರೆಗೇ ನಿಲ್ಲಿ.

ಜೂನ್ 21ಕ್ಕೆ ಫೆತ್ ದ ಲ ಮ್ಯುಸಿಕ್. 1982ರಲ್ಲಿ ಶುರುವಾದ ಸಂಗೀತದ ಹಬ್ಬ. ಇಡೀ ದೇಶದ ಬೀದಿಗಳಲ್ಲಿ ಯಾರು ಬೇಕಾದರೂ ಹಾಡುತ್ತಾರೆ, ನುಡಿಸುತ್ತಾರೆ, ಯಾರೂ ಟಿಕೆಟ್ ಕೇಳುವುದಿಲ್ಲ. ಜನಜಂಗುಳಿ ವಿಪರೀತ, ಗುಂಪು ಬಿಟ್ಟು ಹೋಗಬೇಡಿ, ಸೇರುವ ಒಂದು ಜಾಗ ಮೊದಲೇ ಗೊತ್ತುಮಾಡಿಕೊಳ್ಳಿ.

ಇನ್ನು ಬೇಸಿಗೆಯ ಯಾವ ಸಂಜೆಯಾದರೂ ಪ್ಯಾರಿಸ್‌ನ ತಿನೊ ರೊಸಿ ಉದ್ಯಾನಕ್ಕೆ ಹೋಗಿ. ಸೇನ್ ನದಿಯ ದಂಡೆಯಲ್ಲೇ ಇದೆ. ಅರ್ಧ ವೃತ್ತದ ಸಣ್ಣ ಸಣ್ಣ ಕಲ್ಲಿನ ಕಟ್ಟೆಗಳು. ಒಂದರಲ್ಲಿ ಟ್ಯಾಂಗೊ, ಒಂದರಲ್ಲಿ ಸಾಲ್ಸಾ, ಇನ್ನೊಂದರಲ್ಲಿ ರಾಕ್. ಬರದಿದ್ದರೂ ನಿಲ್ಲಿ, ಯಾರಾದರೂ ಕೈ ಚಾಚುತ್ತಾರೆ. ಬೇಡವೆಂದರೆ "ನೊಂ ಮೆರ್ಸಿ" ಎಂದು ನಕ್ಕರೆ ಸಾಕು, ಬೇಕೆಂದರೆ ಎರಡು ಹೆಜ್ಜೆ ಕಲಿಸಿಯೇ ಬಿಡುತ್ತಾರೆ. ನನಗೆ ಸಾಲ್ಸಾ ಬಂದದ್ದು ಹೀಗೇ, ಹೆಸರೂ ಗೊತ್ತಿಲ್ಲದ ಒಬ್ಬ ಹೆಂಗಸಿನಿಂದ.

ಬೆಳಗಿನ ಹಸಿವು

ನಾಲ್ಕು ಗಂಟೆಗೆ ಹಸಿವಾದರೆ ತೆರೆದಿರುವುದು ಕೆಬಾಬ್ ಅಂಗಡಿ. ಮಾಂಸ ತಿನ್ನದವರು ಫಲಾಫಲ್ ಇದೆಯಾ ಕೇಳಿ. ಅದು ಕಡಲೆಕಾಳಿನ ವಡೆ, ನಮ್ಮ ನಾಲಿಗೆಗೆ ಹಿಡಿಸುತ್ತದೆ. ಅದೂ ಇಲ್ಲದಿದ್ದರೆ ಫ್ರಿತ್, ಅಂದರೆ ಆಲೂಗೆಡ್ಡೆ ಫ್ರೈ. ಆರೂವರೆ, ಏಳಕ್ಕೆ ಬುಲಾಂಜರಿಗಳು, ಅಂದರೆ ಬ್ರೆಡ್ ಅಂಗಡಿಗಳು ತೆರೆಯುತ್ತವೆ. ಮೊದಲ ಬಿಸಿ ಕ್ರ್ವಾಸಾಂ ತೆಗೆದುಕೊಂಡು ಮೆಟ್ರೊ ಹತ್ತಿ.

ಪ್ಯಾರಿಸ್‌ನಲ್ಲಿ ಮಧ್ಯಾಹ್ನ ಎದ್ದು ತಲೆ ಭಾರವಾಗಿದ್ದರೆ, ಬಾಯಿಗೆ ಖಾರ ಬೇಕೆನಿಸಿದರೆ, ಗಾರ್ ದ್ಯು ನಾರ್ ರೈಲು ನಿಲ್ದಾಣದ ಹಿಂದೆ ಶ್ರೀಲಂಕಾ ತಮಿಳರ ಬೀದಿ ಇದೆ. ದೋಸೆ, ವಡೆ, ಸಾಂಬಾರ್ ಎಲ್ಲ ಸಿಗುತ್ತದೆ. ಮೆಟ್ರೊ ಲೈನ್ 2 ಹಿಡಿದು ಲ ಶಪೆಲ್‌ನಲ್ಲಿ ಇಳಿಯಿರಿ. ವಾಸನೆಯೇ ದಾರಿ ತೋರಿಸುತ್ತದೆ.